ಬರ್ತೀನಿ ಎಂದ ಕೈದಿ

ಸಂಕಲ್ಪಮಾಪಕದ ಹಸಿರು ದೀಪ ಹತ್ತಿತು. ಸೆರೆಶಿಬಿರದ ಉಕ್ಕಿನ ಬಾಗಿಲು ಅರ್ಧ ಸರಿಯಿತು. ಮೌನೇಶ ಬಡಿಗೇರ ತಲೆಯ ಮೇಲಿನ ತಂತಿಯ ಟೋಪಿಯನ್ನು ಮುಟ್ಟಿ ನೋಡಿಕೊಂಡ. ಬಾಗಿಲಾಚೆ, ಬಿಡುಗಡೆಯಾದವರನ್ನು ಗಡಿ ದಾಟಿಸುವ ಬಸ್ಸು ನಿಂತಿತ್ತು.

ಈ ಯಂತ್ರ ಬಂದದ್ದು ಸೆರೆಯಾಳುಗಳ ಒಳಿತಿಗಾಗಿಯೇ. ಯುದ್ಧ ಮುಗಿಯುವವರೆಗೂ ಅವರನ್ನು ಕೂಡಿಹಾಕುವುದು ಅಮಾನವೀಯವೆಂದು ರಾಷ್ಟ್ರಗಳೆಲ್ಲ ಒಪ್ಪಂದ ಮಾಡಿಕೊಂಡಿದ್ದವು. ಕಾದಾಡಲು ಮರಳಿ ಬರುವ ಇರಾದೆ ಇಲ್ಲದವನನ್ನು ಬಿಟ್ಟುಬಿಡಬೇಕು. ಆದರೆ ಇರಾದೆಯನ್ನು ಅಳೆಯುವುದು ಹೇಗೆ? ಮನುಷ್ಯ ಒಂದು ನಿರ್ಧಾರಕ್ಕೆ ಬಂದಾಗ ಮಿದುಳಿನಲ್ಲಿ ಅದಕ್ಕೇ ಮೀಸಲಾದ ವಿದ್ಯುತ್ ಅಲೆಯೊಂದು ಏಳುತ್ತದೆ. ಬಾಯಿ ಸುಳ್ಳಾಡಬಹುದು, ಅಲೆ ಆಡದು. ಆ ಅಲೆಯನ್ನು ಓದಲು ಡಾ. ಮಿರೆಲ್ಲಾ ಈ ಯಂತ್ರ ಕಟ್ಟಿದ್ದರು. ಒಳ್ಳೆಯ ಜೀವ, ಇನ್ನು ಹೊಡೆದು ಬಡಿದು ಬಾಯಿ ಬಿಡಿಸುವ ಕಾಲ ಮುಗಿಯಿತು ಎಂದು ಮನಸಾರೆ ನಂಬಿದ್ದರು. ಒಳ್ಳೆಯವರು ಕಟ್ಟಿದ್ದು ಯಾರ ಕೈ ಸೇರುತ್ತದೆ ಎಂದು ಅಳೆಯುವ ಯಂತ್ರ ಮಾತ್ರ ಇನ್ನೂ ಯಾರಿಗೂ ಹೊಳೆದಿಲ್ಲ.

ಮೌನೇಶ ಗದಗಿನ ಕಡೆಯವನು, ಸೇನೆಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವನು. ಯುದ್ಧ ಅವನಿಗೆ ಸಾಕುಬೇಕಾಗಿತ್ತು. ಪ್ರಶ್ನೆಗಳಿಗೆಲ್ಲ ಉತ್ತರಿಸಿ ಹೊರಡುವಾಗ, ಗೋಡೆಯ ಪಕ್ಕ ಸ್ಟ್ರೆಚರಿನಲ್ಲಿ ಮಲಗಿದ್ದ ಹವಾಲ್ದಾರ ದಸ್ತಗೀರ ನದಾಫನ ಕಡೆ ತಿರುಗಿದ. ಮುದುಕನಿಗೆ ಕಾಲಿನ ಗಾಯ ಕೀವುಗಟ್ಟಿ ಜ್ವರ ಏರಿತ್ತು. ಜ್ವರದವರ ಅಲೆ ಯಂತ್ರಕ್ಕೆ ಓದಲು ಬಾರದು. ಹಾಗಾಗಿ ಅವನಿಗೆ ಬಿಡುಗಡೆಯಿಲ್ಲ.

"ಬರ್ತೀನ್ರಿ ಕಾಕಾ," ಎಂದ ಮೌನೇಶ.

ಕೆಂಪು ದೀಪ ಹತ್ತಿತು. ಬಾಗಿಲು ಧಡಾರನೆ ಮುಚ್ಚಿಕೊಂಡಿತು.

"ಮರಳಿ ಬರುವೆನೆಂದು ನೀವು ಇದೀಗ ನುಡಿದಿರಿ," ಎಂದಿತು ಯಂತ್ರದ ಬಳಿ ನಿಂತಿದ್ದ ಮಿರೆಲ್ಲಾರ ಕೊರಳಲ್ಲಿದ್ದ ಅನುವಾದಕ ಪೆಟ್ಟಿಗೆ, ಅವರ ಮಾತನ್ನು ಗ್ರಂಥಸ್ಥ ಕನ್ನಡಕ್ಕಿಳಿಸಿ.

"ಅಯ್ಯ ಮೇಡಮ್ಮರ, ಅದು ಬರೂ ಮಾತಲ್ರಿ, ಹೊಂಟೇನಿ ಅನ್ನೂ ಮಾತು. ನಮ್ಮ ಕಡೆ ಹೋಗ್ತೀನಿ ಅನ್ನಬಾರ್ದ್ರಿ. ಸತ್ತಾವ್ರು ಹೋಗ್ತಾರ."

"ಯಂತ್ರಕ್ಕೆ ಭಾಷೆ ತಿಳಿಯದು. ಆ ಮಾತಿನೊಡನೆ ನಿಮ್ಮಲ್ಲಿ ನಿರ್ಧಾರವೊಂದು ಎದ್ದಿತು. ಏನದು?"

ಮೌನೇಶ ತಲೆ ತಗ್ಗಿಸಿದ. ರೂಢಿಯಿಂದ ಬಾಯಿಗೆ ಬಂದ ಮಾತು ನಿಜ. ಆದರೆ ಮುದುಕನ ಮುಖ ನೋಡುತ್ತ ಆಡಿದಾಗ ಅದು ಎದೆಗೂ ಇಳಿದುಬಿಟ್ಟಿತ್ತು.

"ಕಾಕಾನ್ನ ಕರಕೊಂಡು ಹೋಗಾಕ ಬರಬೇಕು ಅನ್ನಿಸ್ತ್ರಿ. ಬಂದೂಕು ಹಿಡ್ಕೊಂಡಲ್ರಿ, ದೇವರಾಣಿ."

"ಏತಕ್ಕಾಗಿ ಬರುತ್ತೀರಿ ಎಂಬುದನ್ನು ನನ್ನ ಯಂತ್ರ ಅಳೆಯುವುದಿಲ್ಲ," ಎಂದರು ಮಿರೆಲ್ಲಾ. ಇದು ಅವರಿಗೂ ಈಗಷ್ಟೇ ಹೊಳೆದಂತಿತ್ತು.

ಶಿಬಿರದ ಅಧಿಕಾರಿ ಕರ್ನಲ್ ತೊರ್ವಾನ್ ಎಲ್ಲವನ್ನೂ ಕೇಳುತ್ತ ನಿಂತಿದ್ದ. ಒಬ್ಬನನ್ನು ಕಳಿಸಿದರೆ ಆ ಕಡೆಯಿಂದ ತನ್ನವನೊಬ್ಬ ಮರಳುತ್ತಿದ್ದ. ಅವನಿಗೆ ಬಸ್ಸು ತುಂಬಬೇಕಿತ್ತು. ಅವನು ಸಾವಕಾಶವಾಗಿ ನಡೆದುಹೋಗಿ ಪಿಸ್ತೂಲಿನ ಮೂತಿಯನ್ನು ನದಾಫನ ಹಣೆಗೆ ಇಟ್ಟ.

"ನೀನು ಗಡಿಯ ಹತ್ತಿರ ಸುಳಿದರೂ ಮೊದಲ ಗುಂಡು ಇಲ್ಲಿಗೆ. ಈಗ ಹೇಳು, ಬರುವೆಯಾ?"

"ಇದು ಒಪ್ಪಂದಕ್ಕೆ ವಿರುದ್ಧ!" ಮಿರೆಲ್ಲಾ ಕೂಗಿದರು.

"ಹೊಡೆಯಬಾರದು ಎಂದಿದೆ. ನಾನು ಯಾರನ್ನಾದರೂ ಹೊಡೆದೆನೇ?"

ಮೌನೇಶ ಒಂದು ಹೆಜ್ಜೆ ಮುಂದೆ ಬಂದ. ಮುದುಕನ ಹಣೆಯ ಬೆವರು ಪಿಸ್ತೂಲಿಗೆ ಅಂಟುವುದು ಕಾಣುತ್ತಿತ್ತು.

"ಬರಂಗಿಲ್ರಿ! ಯಾವತ್ತೂ ಬರಂಗಿಲ್ಲ, ಅವನ್ನ ಬಿಡ್ರಿ!"

ಹಸಿರು ದೀಪ ಹತ್ತಿತು. ಅವನು ಸುಳ್ಳು ಹೇಳಿರಲಿಲ್ಲ. ಇನ್ನು ಈ ದಿಕ್ಕಿಗೆ ತಲೆ ಹಾಕಿಯೂ ಮಲಗಬಾರದೆಂದು ನಿಜವಾಗಿಯೂ ನಿರ್ಧರಿಸಿಬಿಟ್ಟಿದ್ದ.

"ಹೋಗಿ ಬಾರೋ ತಮ್ಮಾ," ಎಂದ ನದಾಫ, ಜ್ವರದ ಮಂಪರಿನಲ್ಲಿ.

ಮೌನೇಶನಿಗೆ ಹ್ಞೂಂ ಎನ್ನಲೂ ಆಗಲಿಲ್ಲ. ಬಾಯಿಗೆ ಅಂಗೈ ಒತ್ತಿಕೊಂಡು, ಹಿಂದಿರುಗಿ ನೋಡದೆ ಬಸ್ಸು ಹತ್ತಿದ. ಇಂಥ ಬಿಡುಗಡೆ ಶತ್ರುವಿಗೂ ಬೇಡ.

ಮಿರೆಲ್ಲಾ ಯಂತ್ರವನ್ನು ಆರಿಸಲು ಕೈ ಚಾಚಿದರು. ಆರಿಸುವ ಗುಂಡಿಯೇ ಅದಕ್ಕಿರಲಿಲ್ಲ. ಯಾವ ಅಧಿಕಾರಿಯೂ ನಿಲ್ಲಿಸದಿರಲೆಂದು ಅವರೇ ಹಾಗೆ ಕಟ್ಟಿದ್ದರು.

ಕರ್ನಲ್ ನದಾಫನ ಹಣೆಯಿಂದ ಪಿಸ್ತೂಲು ತೆಗೆದು, ಆ ಯಂತ್ರವನ್ನು ಮೊದಲ ಬಾರಿಗೆ ಅಕ್ಕರೆಯಿಂದ ನೋಡಿದ. ನಂತರ ಕಾವಲಿನವರಿಗೆ ಹೇಳಿದ:

"ಮುಂದಿನವನನ್ನು ಕರೆಯಿರಿ. ಅವನಿಗೆ ಬೇಕಾದವರು ಒಳಗೆ ಯಾರಿದ್ದಾರೆಂದು ವಿಚಾರಿಸಿ, ಅವರನ್ನೂ ಕರೆತನ್ನಿ."