ಹದಿನೈದನೆಯ ಕೋಲು

ಕ್ಲಬ್ಬಿನ ಹೆಡ್ ಕೋಚ್ ಕೆಲಸ ಬೈರೇಶನಿಗೆ ಎಂದು ಕಾರ್ಯದರ್ಶಿ ಯುಗಾದಿಯ ದಿನ ಎಲ್ಲರೆದುರು ಹೇಳಿದರು. ದಸರಾ ಹೊತ್ತಿಗೆ ಅದೇ ಕೆಲಸವನ್ನು ಪಂದ್ಯಕ್ಕಿಟ್ಟರು. ಮೂರು ದಿನದ ಆಟ. ಒಂದು ಕಡೆ ಬೈರೇಶ್, ಇನ್ನೊಂದು ಕಡೆ ವಿಜಯ್. ಗೆದ್ದವನಿಗೆ ಕೆಲಸ, ಸೋತವನಿಗೆ ಗೇಟು.

ಇಬ್ಬರೂ ಒಂದೇ ಊರಿನವರು. ನಂದಗುಡಿ ಹೋಬಳಿಯ ಆ ಊರಿನ ಗೋಮಾಳ ಈಗ ಹದಿನೆಂಟು ಗುಳಿಗಳ ಗಾಲ್ಫ್ ಮೈದಾನ. ಹುಲ್ಲು ಆಗಲೂ ಇತ್ತು, ಈಗಲೂ ಇದೆ. ಆಗ ದನ ಮೇಯುತ್ತಿದ್ದವು, ಈಗ ಸದಸ್ಯರು ಮೇಯುತ್ತಾರೆ. ನೆಲ ಬಿಟ್ಟುಕೊಟ್ಟ ಊರಿಗೆ ಕ್ಲಬ್ಬು ಕೊಟ್ಟದ್ದು ಹುಲ್ಲು ಕತ್ತರಿಸುವ ಕೆಲಸ, ಬ್ಯಾಗು ಹೊರುವ ಕೆಲಸ, ಮತ್ತು ಈ ಒಂದು ಕುರ್ಚಿ. ಆ ಕುರ್ಚಿಗೆ ಊರಿನ ಇಬ್ಬರನ್ನು ಕಾದಾಟಕ್ಕೆ ಬಿಟ್ಟು ಸದಸ್ಯರು ವರಾಂಡದಲ್ಲಿ ಬಿಯರ್ ಹಿಡಿದು ಕೂತಿದ್ದರು, ಕೋಳಿ ಪಂದ್ಯಕ್ಕೆ ಕೂತ ಹಾಗೆ. ಬೈರೇಶನಿಗೆ ಸಿಟ್ಟು ಬಂದದ್ದು ಕಾರ್ಯದರ್ಶಿಯ ಮೇಲಲ್ಲ, ವರಾಂಡದ ಮೇಲೂ ಅಲ್ಲ. ವಿಜಯನ ಮೇಲೆ. ಕೆಳಗಿನವನ ಸಿಟ್ಟು ಪಕ್ಕಕ್ಕೇ ಹರಿಯುತ್ತದೆ. ಮೇಲಕ್ಕೆ ಹರಿಸಬೇಕಾದರೆ ಪಂಪ್‌ಸೆಟ್ ಬೇಕು.

ಬೈರೇಶನ ಏಳುಬೀಳು ಊರಿಗೆಲ್ಲ ಬಾಯಿಪಾಠ. ಸದಸ್ಯರ ಚೆಂಡು ಹೆಕ್ಕುತ್ತಿದ್ದ ಹುಡುಗ ಕ್ಯಾಡಿಯಾಗಿ ಬ್ಯಾಗು ಹೊತ್ತ, ಬ್ಯಾಗಿನಲ್ಲಿದ್ದ ಕೋಲು ಹಿಡಿದು ಬ್ಯಾಗಿನ ಯಜಮಾನನನ್ನೇ ಸೋಲಿಸಿದ, ಕೊನೆಗೆ ಚಂಡೀಗಡಕ್ಕೆ ಹೋಗಿ ದೇಶದ ದೊಡ್ಡ ದೊಡ್ಡವರನ್ನೆಲ್ಲ ಮಣ್ಣು ಮುಕ್ಕಿಸಿ ಬಂದ. ಹೊಸಕೋಟೆಯಲ್ಲಿ ಫ್ಲೆಕ್ಸು ಕಟ್ಟಿದರು. ಅದರಲ್ಲಿ ಗೆದ್ದವನ ಮುಖ ನಿಂಬೆಹಣ್ಣಿನಷ್ಟು, ಹಾರೈಸಿದ ಮುಖಂಡರ ಮುಖ ಕುಂಬಳಕಾಯಿಯಷ್ಟು. ತೆರೆದ ಜೀಪು, ಸೇಬಿನ ಹಾರ, ತಮಟೆ. ಆಮೇಲೆ ಬ್ಯಾಂಕಾಕು, ಜಕಾರ್ತ. ಆಮೇಲೆ ಕೈ ನಡುಗಿತು.

ಕೈ ನಡುಗುತ್ತಿದ್ದದ್ದು ದೂರ ಹೊಡೆಯುವಾಗ ಅಲ್ಲ. ಗುಳಿಯ ಹತ್ತಿರ ಬಂದು, ಚೆಂಡನ್ನು ಮೆಲ್ಲಗೆ ಉರುಳಿಸುವ ಚಪ್ಪಟೆ ಮೂತಿಯ ಕೋಲು ಹಿಡಿದಾಗ. ಅದನ್ನು ಪಟ್ಟರ್ ಎನ್ನುತ್ತಾರೆ. ಅರ್ಧ ಮೈಲಿ ಗಂಡಿನ ಹಾಗೆ ಬಂದವನು ಕೊನೆಯ ಎರಡು ಮೊಳದಲ್ಲಿ ಚಳಿಜ್ವರ ಬಂದವನಂತೆ ನಿಲ್ಲುತ್ತಿದ್ದ. ಚಂಡೀಗಡ ಗೆಲ್ಲಿಸಿಕೊಟ್ಟ ಹಿತ್ತಾಳೆಯ ಪಟ್ಟರ್ ಬ್ಯಾಂಕಾಕ್ ವಿಮಾನ ನಿಲ್ದಾಣದಲ್ಲಿ ಕಳುವಾಯಿತೆಂದು ಅವನು ಪತ್ರಿಕೆಯವರಿಗೆ ಹೇಳಿದ. ಕೈ ನಡುಗುತ್ತದೆ ಅನ್ನುವುದಕ್ಕಿಂತ ಕಳುವಾಯಿತು ಅನ್ನುವುದು ಮರ್ಯಾದೆ. ಪಟ್ಟರ್ ಮಾತ್ರ ಅವನ ಮಂಚದ ಕೆಳಗೆ ಹಳೆಯ ಪಂಚೆ ಸುತ್ತಿಕೊಂಡು ಮಲಗಿತ್ತು.

ಈಗ ಶನಿವಾರ ಭಾನುವಾರ ಬರುವ ಮ್ಯಾನೇಜರುಗಳಿಗೆ ಕೋಲು ಹಿಡಿಯುವುದನ್ನು ಹೇಳಿಕೊಡುತ್ತಿದ್ದ. ಹೆಡ್ ಕೋಚ್ ಆಗದಿದ್ದರೆ ಅದೂ ಇಲ್ಲ. ಹೆಂಡತಿ ಅಕ್ಷತ ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಕೌಂಟರ್ ಕೆಲಸದವಳು. ಅವಳಿಗೆ ಎಲ್ಲಕ್ಕೂ ಪರಿಹಾರ ಗೊತ್ತಿತ್ತು.

"ರೀ, ಇದೂ ಹೋಯ್ತು ಅಂದ್ರೆ ನಮ್ಮಲ್ಲಿ ಟ್ರಾಲಿ ತಳ್ಳೋಕೆ ಬನ್ನಿ. ಬ್ಯಾಗು ಹೊತ್ತು ಅಭ್ಯಾಸ ಐತಲ್ಲ."

"ನಾನು ಚಂಡೀಗಡ ಗೆದ್ದೋನು ಕಣೇ."

"ಅಲ್ಲೇ ಇದ್ಬಿಡ್ಬೇಕಿತ್ತು."

ಎರಡನೆಯ ದಿನದ ಆಟ ಮುಗಿದಾಗ ವಿಜಯ್ ಮೂರು ಹೊಡೆತ ಮುಂದಿದ್ದ. ಗಾಲ್ಫಿನಲ್ಲಿ ಕಡಿಮೆ ಹೊಡೆದವನೇ ಗೆದ್ದವನು. ಇಷ್ಟು ವರ್ಷವಾದರೂ ಊರಿನವರಿಗೆ ಇದೊಂದು ತಲೆಗೆ ಹೋಗಿಲ್ಲ. ವಿಜಯನನ್ನು ಆಡಿ ಹಿಡಿಯುವುದು ಆಗದ ಮಾತೆಂದು ಬೈರೇಶನಿಗೆ ಗೊತ್ತಿತ್ತು. ಆ ಹುಡುಗ ಪಟ್ಟರ್ ಹಿಡಿದರೆ ಚೆಂಡು ಸಂಜೆ ಕೊಟ್ಟಿಗೆಗೆ ಬರುವ ಹಸುವಿನ ಹಾಗೆ ತಾನಾಗಿ ಗುಳಿಗೆ ಹೋಗುತ್ತಿತ್ತು.

ಆದರೆ ನಿಯಮದ ಪುಸ್ತಕ ಓದಿದವನು ಆ ಊರಿನಲ್ಲಿ ಬೈರೇಶ್ ಒಬ್ಬನೇ. ಒಬ್ಬ ಆಟಗಾರನ ಬ್ಯಾಗಿನಲ್ಲಿ ಹೆಚ್ಚೆಂದರೆ ಹದಿನಾಲ್ಕು ಕೋಲು ಇರಬಹುದು. ಹದಿನೈದನೆಯದು ಸಿಕ್ಕರೆ ಗುಳಿಗೆ ಎರಡರಂತೆ ದಂಡ, ಎರಡು ಗುಳಿಗೆ ನಾಲ್ಕು ಹೊಡೆತ, ಅಲ್ಲಿಗೆ ನಿಲ್ಲುತ್ತದೆ. ಆಟ ಶುರುವಾದ ಮೇಲೆ ಬೇರೆಯವರ ಕೋಲು ತಪ್ಪಿ ಬಂದು ಸೇರಿದರೆ ಲೆಕ್ಕಕ್ಕಿಲ್ಲ. ಮೊದಲೇ ಇದ್ದರೆ ಯಾರು ಇಟ್ಟರೆಂದು ಯಾರೂ ಕೇಳುವುದಿಲ್ಲ, ಹೊಣೆ ಆಟಗಾರನದೇ. ಮೂರು ಹೊಡೆತದ ಮುನ್ನಡೆಗೆ ನಾಲ್ಕು ಹೊಡೆತದ ದಂಡ. ಬೈರೇಶನಿಗೆ ಅದು ಯಾರೋ ತನ್ನ ಅಳತೆಗೇ ಹೊಲಿದ ಅಂಗಿಯಂತೆ ಕಂಡಿತು.

ಯಾವ ಕೋಲು? ಈಗಿನ ತನ್ನ ಕೋಲುಗಳನ್ನು ಎಲ್ಲ ಕ್ಯಾಡಿಗಳೂ ಬಲ್ಲರು. ಅಂಗಡಿಯಲ್ಲಿ ಕೊಂಡರೆ ಅಂಗಡಿಯವನು ಬಲ್ಲ. ಯಾರಿಗೂ ಗೊತ್ತಿಲ್ಲದ, ಲೋಕದ ಪಾಲಿಗೆ ಬ್ಯಾಂಕಾಕಿನಲ್ಲೇ ಕಳೆದುಹೋದ ಕೋಲು ಒಂದೇ ಒಂದು. ಅದರ ಮೇಲಿದ್ದ ಹೆಸರನ್ನು ಅರ ಹಾಕಿ ಉಜ್ಜಿದ, ಹಿತ್ತಾಳೆಗೆ ಕಪ್ಪು ಬಣ್ಣ ಬಳಿದ, ಹಿಡಿ ಬದಲಾಯಿಸಿದ. ಉಜ್ಜುವಾಗ ಎದೆಯಲ್ಲಿ ಏನೋ ಚುಚ್ಚಿತು. ಗಾಳಿ ಎಂದುಕೊಂಡು ಜೀರಿಗೆ ನೀರು ಕುಡಿದ.

ಎಲ್ಲಿ ಅಡಗಿಸುವುದು? ಬೇರೆ ಕೋಲುಗಳ ನಡುವೆ ಇಟ್ಟರೆ ವಿಜಯನ ಕ್ಯಾಡಿ ಗಂಗಣ್ಣ ಹಿಡಿದುಬಿಡುತ್ತಾನೆ. ಬ್ಯಾಗಿನ ಪಕ್ಕಕ್ಕೆ ಸಿಕ್ಕಿಸಿದ ದೊಡ್ಡ ಕೊಡೆ ಇದೆಯಲ್ಲ, ಅದರ ಮಡಿಕೆಯೊಳಗೆ. ಬಿಸಿಲಿಗೆ ಕೊಡೆ ಹಿಡಿಸಿಕೊಳ್ಳುವುದು ಸದಸ್ಯರ ಶೋಕಿ ಎಂದು ವಿಜಯ್ ಅದನ್ನು ಮುಟ್ಟುವುದಿಲ್ಲ. ಹೊರಗೆ ಬೀಳಿಸುವುದು ಹೇಗೆ? ಅದಕ್ಕೂ ಬೈರೇಶ್ ಬಾಯಿ ಬಿಡಬೇಕಾಗಿಲ್ಲ. ರೆಫರಿ ಚಿನ್ನಸ್ವಾಮಿ, ಮಿಲಿಟರಿಯಿಂದ ನಿವೃತ್ತರಾದವರು, ತಲೆಯಲ್ಲಿ ಒಂದು ಕೂದಲಿಲ್ಲ, ಟೋಪಿ ಹಾಕುವುದಿಲ್ಲ. ಎರಡು ಗುಳಿ ಮುಗಿದ ಮೇಲೆ ಮುದುಕರ ಮೇಲೆ ಮರುಕ ತೋರಿಸಿದರೆ ಆಯಿತು. ದೂರು ಕೊಟ್ಟವನು ಎಂಬ ಕೆಟ್ಟ ಹೆಸರಿಲ್ಲ. ಹಿರಿಯರಿಗೆ ನೆರಳು ಮಾಡಿದವನು ಎಂಬ ಒಳ್ಳೆಯ ಹೆಸರು.

ಮೂರನೆಯ ದಿನ ಆಯುಧಪೂಜೆ. ಸದಸ್ಯರಿಗೆ ರಜ, ಆದ್ದರಿಂದ ಕೆಲಸದವರಿಗೆ ರಜ ಇಲ್ಲ. ಕ್ಯಾಡಿಗಳು ಒಂದು ದಿನದ ರಜ ಕೇಳಿದ್ದರು. ಕಾರ್ಯದರ್ಶಿ ಅರ್ಧ ಗಂಟೆ ಕೊಟ್ಟು, 'ಬ್ಯಾಟರಿ ಗಾಡಿಗಳಿಗೆ ಪೂಜೆ ಮಾಡಿ, ಫೋಟೋ ಚೆನ್ನಾಗಿ ಬರಲಿ' ಎಂದಿದ್ದರು.

ಬೈರೇಶ್ ಬೇಗ ಬಂದು ಕ್ಯಾಡಿಗಳ ಶೆಡ್ಡಿನ ಎದುರು ನಿಂತ. ಬ್ಯಾಗುಗಳು ಸಾಲಾಗಿ ಒರಗಿದ್ದವು. ಗಂಗಣ್ಣ ವಿಜಯನ ಬ್ಯಾಗಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತುಟಿ ಅಲ್ಲಾಡಿಸುತ್ತ ಕೋಲು ಎಣಿಸಿ, ತಲೆ ಕೆರೆದುಕೊಂಡು, ಮತ್ತೆ ಎಣಿಸಿದ. ಹದಿನಾಲ್ಕು ಎಣಿಸುವುದಕ್ಕೆ ಈ ಮುದುಕನಿಗೆ ಎರಡು ಸಲ ಬೇಕು ಎಂದು ಬೈರೇಶ್ ಮನಸ್ಸಿನಲ್ಲೇ ನಕ್ಕ.

ವಿಜಯ್ ಬಂದ. ಮುಖ ಬಾಡಿತ್ತು.

"ಅಣ್ಣ, ತಿಂಡಿ ಆಯ್ತಾ? ನಿನ್ನತ್ರ ಒಂದು ಮಾತು ಕೇಳಣ ಅಂತಿದ್ದೆ…"

"ಪಂದ್ಯದ ದಿನ ಮಾತು ಬ್ಯಾಡ ಕಣೋ ವಿಜಿ. ಏನಿದ್ರೂ ಕೋಲಲ್ಲಿ ಮಾತಾಡಣ."

"ಕೋಲಿನ ವಿಷ್ಯಾನೇ ಅಣ್ಣ…"

"ಲೇ, ಹೋಗೋ. ಆಲ್ ದಿ ಬೆಸ್ಟ್."

ಹೆದರಿದ್ದಾನೆ ಎಂದುಕೊಂಡ ಬೈರೇಶ್. ಹೆದರಿದವನ ಬ್ಯಾಗಿಗೆ ಕೋಲು ಸೇರಿಸುವುದು ಸ್ವಲ್ಪ ಪಾಪವೇ ಅನಿಸಿತು. ಸ್ವಲ್ಪ ಹೊತ್ತು ಮಾತ್ರ. ಗಾಡಿಗಳ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಮಂಗಳಾರತಿ ಎತ್ತಿದರು. ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸುವಾಗ ಅಲ್ಲಿದ್ದ ಕಣ್ಣುಗಳೆಲ್ಲ ಕಾಯಿಯ ಮೇಲೆ. ಕಾಯಿ ಒಡೆಯಿತು. ಬೈರೇಶ್ ಬ್ಯಾಗುಗಳ ಸಾಲಿನಿಂದ ಈಚೆ ಬಂದು ಪ್ರಸಾದಕ್ಕೆ ಕೈಯೊಡ್ಡಿದ. ಕೈ ನಡುಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ಪಟ್ಟರ್ ಹಿಡಿದು ಅವನ ಕೈ ನಡುಗಿರಲಿಲ್ಲ.

ಎದುರಾಳಿ ಪಟ್ಟರ್ ಹಿಡಿದಾಗ ಬೈರೇಶ್ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ನೋಡಿದರೆ ತನ್ನ ಕೈಗೆ ನಡುಕ ಬರುತ್ತದೆಂಬ ಭಯ. ಮೊದಲ ಗುಳಿಯಲ್ಲಿ ಅವನು ದೂರದ ನೀಲಗಿರಿ ತೋಪನ್ನು ನೋಡುತ್ತ ನಿಂತ. ಬೆನ್ನ ಹಿಂದೆ 'ಠಕ್' ಎಂದು ಒರಟು ಸದ್ದು, ಆಮೇಲೆ ಇನ್ನೊಂದು, ಮತ್ತೊಂದು. ವಿಜಯ್ ಒಂದು ಹೊಡೆತ ಕಳೆದುಕೊಂಡ. ಎರಡನೆಯ ಗುಳಿಯಲ್ಲಿ ಎರಡು. ಮುನ್ನಡೆ ಕರಗಿ ಇಬ್ಬರೂ ಸಮಸಮ ಆದರು. ವರಾಂಡದಲ್ಲಿ ಯಾರೋ ಬಾಜಿಯ ದರ ಕೂಗಿ ಬದಲಾಯಿಸಿದರು.

ಬೈರೇಶ್ ನಿಂತು ಯೋಚಿಸಿದ. ಹುಡುಗ ತಾನಾಗಿಯೇ ಮುರಿದು ಬೀಳುತ್ತಿದ್ದಾನೆ. ಸುಮ್ಮನಿದ್ದರೂ ಗೆಲುವು ತನ್ನದೇ. ಕೊಡೆ ಮುಚ್ಚಿಯೇ ಇರಲಿ, ಸಂಜೆ ಹೇಗಾದರೂ ತೆಗೆದುಕೊಂಡರಾಯಿತು. ಆದರೆ ಇಷ್ಟು ಚೆಂದಾಗಿ ಕಟ್ಟಿದ ಯೋಜನೆ! ಇದನ್ನು ನೋಡುವವರೇ ಇಲ್ಲದೆ ಹಾಗೇ ಬಿಟ್ಟುಬಿಡುವುದೇ? ಹೋಳಿಗೆ ಮಾಡಿ ನಾಯಿಗೆ ಹಾಕಿದ ಹಾಗೆ. ಅಲ್ಲದೆ ನಾಲ್ಕು ಹೊಡೆತ ಸೇರಿದರೆ ಕೊನೆಯ ಗುಳಿಗಳಲ್ಲಿ ಕೈ ನಡುಗಿದರೂ ನಡೆಯುತ್ತದೆ.

"ಗಂಗಣ್ಣ," ಎಂದ, ದನಿಯಲ್ಲಿ ಜೇನು ಬೆರೆಸಿ. "ಚಿನ್ನಸ್ವಾಮಿ ಸಾರ್ ತಲೆ ಸುಡ್ತಾ ಐತೆ. ವಯಸ್ಸಾದೋರು. ಆ ಕೊಡೆ ಬಿಚ್ಚಿ ಹಿಡೀಬಾರ್ದಾ?"

"ಬೇಡಪ್ಪಾ, ನಾನು ರಾಜಸ್ಥಾನದ ಬಿಸಿಲು ಕಂಡೋನು," ಎಂದರು ಚಿನ್ನಸ್ವಾಮಿ.

"ಅಯ್ಯೋ ಇರ್ಲಿ ಸಾರ್. ಹಿಡಿ ಗಂಗಣ್ಣ."

ಗಂಗಣ್ಣ ಕೊಡೆ ಎಳೆದು ಗುಂಡಿ ಒತ್ತಿದ. ಕೊಡೆ ಬಡ್ ಎಂದು ಬಿಚ್ಚಿತು. ಕಪ್ಪು ಪಟ್ಟರ್ ಮೇಲಿಂದ ಜಾರಿ ಚಿನ್ನಸ್ವಾಮಿಯವರ ಬೂಟಿನ ಮೇಲೆ ಬಿತ್ತು.

ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದ ಮುಖವನ್ನು ಬೈರೇಶ್ ಈಗ ಹಾಕಿಕೊಂಡ: ಹುಬ್ಬು ಮೇಲೆ, ತುಟಿ ಕೆಳಗೆ, ಅಣ್ಣನಿಗೆ ಆಗುವ ನೋವು. "ಇದೇನೋ ವಿಜಿ, ಕೊಡೇಲಿ ಕೋಲು! ಸಾರ್, ನಂಗೆ ಹೇಳಕ್ಕೆ ಬೇಜಾರು. ಆದ್ರೆ ನಿಯಮ ನಿಯಮಾನೇ. ಎಣಿಸ್ಬಿಡಿ."

ಚಿನ್ನಸ್ವಾಮಿ ಬ್ಯಾಗು ಬಗ್ಗಿಸಿ ಕೋಲುಗಳನ್ನು ಹುಲ್ಲಿನ ಮೇಲೆ ಹಾಸಿ, ಕವಾಯತಿನ ಸಿಪಾಯಿಗಳನ್ನು ಎಣಿಸುವ ಹಾಗೆ ಬೆರಳು ತೋರಿಸುತ್ತ ಎಣಿಸಿದರು. ಕೊನೆಗೆ ಬೂಟಿನ ಪಕ್ಕದ್ದನ್ನೂ ಸೇರಿಸಿದರು.

"ಹದಿನಾಲ್ಕು."

"ಇನ್ನೊಂದ್ಸಲ ಎಣಿಸಿ ಸಾರ್."

"ಹದಿನಾಲ್ಕೇ ಕಣ್ರೀ. ಸರಿಯಾಗೈತೆ."

ಗಂಗಣ್ಣ ಎರಡೂ ಕೈ ಎತ್ತಿ ಆಕಾಶಕ್ಕೆ ಮುಗಿದ. "ಬೆಳಗ್ಗೆ ಹದಿಮೂರೇ ಇತ್ತು ಸಾಮಿ! ನಾನೇ ಎರಡು ಕಿತ ಎಣ್ಸಿದ್ದೆ. ತಾಯಿ ಚಾಮುಂಡಿ ಕೊಟ್ಟವ್ಳೆ ಕಣಪ್ಪಾ, ಹಬ್ಬದ ದಿನ ಕೊಟ್ಟವ್ಳೆ!"

ವಿಜಯ್ ಪಟ್ಟರನ್ನು ಎತ್ತಿಕೊಂಡ. ಅಂಗೈಯಲ್ಲಿ ತೂಗಿ ನೋಡಿದ. ಒಂದು ಚೆಂಡು ಹಾಕಿ ತಟ್ಟಿದ. ಸದ್ದೇ ಇಲ್ಲ, ಚೆಂಡು ಗೆರೆ ಎಳೆದ ಹಾಗೆ ಹೋಗಿ ಗಂಗಣ್ಣನ ಚಪ್ಪಲಿಗೆ ಮುತ್ತಿಟ್ಟು ನಿಂತಿತು. ಹುಡುಗನ ಮುಖದಲ್ಲಿ ಬೆಳಕು ಬಂತು. ಆ ಬೆಳಕು ಯಾವುದೆಂದು ಬೈರೇಶನಿಗೆ ಗೊತ್ತಿತ್ತು. ಚಂಡೀಗಡದ ಫೋಟೋದಲ್ಲಿ ಅದು ಅವನದೇ ಮುಖದಲ್ಲಿ ಇದೆ.

"ಸಾರ್, ಇದ್ರಲ್ಲಿ ಆಡ್ಬೋದಾ?"

"ಶುರುವಿಂದ್ಲೂ ನಿನ್ನ ಬ್ಯಾಗಲ್ಲೇ ಇತ್ತು. ಲೆಕ್ಕಾನೂ ಮೀರಿಲ್ಲ. ಬೇರೆ ಯಾರಾದ್ರೂ ನಂದು ಅಂದ್ರೆ ಮಾತು ಬೇರೆ." ಚಿನ್ನಸ್ವಾಮಿ ತಿರುಗಿದರು. "ಏನ್ ಬೈರೇಶ್, ನಿಮ್ದೇನಾದ್ರೂ ತಕರಾರು ಐತಾ?"

ಬೈರೇಶ್ ಬಾಯಿ ತೆರೆದ. ನಂದು ಎಂದರೆ ಬ್ಯಾಂಕಾಕು ಸುಳ್ಳು, ಕೊಡೆ ಕಳ್ಳತನ. ನಂದಲ್ಲ ಎಂದರೆ ಇನ್ನು ಹದಿನಾರು ಗುಳಿ, ಆ ಕೈ, ಆ ಕೋಲು. ಬಾಯಿ ಮುಚ್ಚಿದ. ಕೊನೆಗೆ, "ಲೇ, ನಿನ್ನ ಪಟ್ಟರ್ ಏನಾಯ್ತೋ?" ಎಂದ.

"ಅದನ್ನೇ ಅಲ್ವಾ ಅಣ್ಣ ಬೆಳಗ್ಗೆ ಹೇಳಕ್ಕೆ ಬಂದಿದ್ದು, ನಿನ್ನತ್ರ ಹಳೇದೊಂದಿದ್ರೆ ಕೊಡ್ತೀಯೇನೋ ಅಂತ," ಎಂದ ವಿಜಯ್, ಪಟ್ಟರನ್ನು ಅಂಗಿಯ ತುದಿಯಿಂದ ಒರೆಸುತ್ತ. "ನಿನ್ನೆ ಕೈ ಆಡ್ಸೋಣ ಅಂತ ಮನೆಗೆ ತಗೊಂಡ್ಹೋಗಿದ್ದೆ. ಬೆಳಗ್ಗೆ ಎದ್ದು ನೋಡ್ತೀನಿ, ನಮ್ಮಮ್ಮ ಅದನ್ನ ಕುಡುಗೋಲು, ಮಚ್ಚು, ಈಳಿಗೆಮಣೆ ಸಾಲಲ್ಲಿ ದೇವ್ರ ಮುಂದೆ ಮಲಗಿಸಿ, ಅರಿಶಿನ ಕುಂಕುಮ ಇಟ್ಟು, ಹೂವ ಮುಡ್ಸಿ ಕೂತವ್ಳೆ. ಅದಕ್ಕೇ ಎರಡು ಗುಳಿ ಕಬ್ಬಿಣದ ಕೋಲಲ್ಲೇ ತಳ್ಳಿದೆ ನೋಡು. ಕೊಡಮ್ಮ, ಕೆಲ್ಸ ಹೋಯ್ತದೆ, ನಾಳೆ ಬೇಕಾದ್ರೆ ಇನ್ನೊಂದು ಪೂಜೆ ಮಾಡ್ಕೋ ಅಂತ ಕಾಲಿಗೆ ಬಿದ್ದೆ ಅಣ್ಣ. 'ವರ್ಷೆಲ್ಲಾ ದುಡಿದೈತೆ. ನಿಮ್ಮ ಕ್ಲಬ್ನೋರು ನಿಂಗೆ ರಜ ಕೊಡ್ದಿದ್ರೆ ಕತ್ತೆಬಾಲ, ನಾನು ಇದಕ್ಕೆ ಕೊಟ್ಟಿದ್ದೀನಿ. ಇವತ್ತು ಕದಲ್ಸಲ್ಲ, ಹೋಗು' ಅಂದ್ಬಿಟ್ಳು."