ಅಂಚಿನಲ್ಲೊಂದು ‘ಇರಲಿ’

“ಇದನ್ನ ತಿದ್ದಿದ್ದು ಯಾರು?”

ಮುದ್ರಣಾಲಯದ ಬಾಗಿಲಲ್ಲಿ ನಿಂತವನು ಕರಡು ಹಾಳೆಯನ್ನು ಎತ್ತಿ ಹಿಡಿದಿದ್ದ. ಸಿಟ್ಟಿಗೋ, ಮೆಟ್ಟಿಲು ಹತ್ತಿದ್ದಕ್ಕೋ, ಏದುಸಿರು ಬಿಡುತ್ತಿದ್ದ.

ಕರಡು ತಿದ್ದುವ ಮೇಜಿನಿಂದ ಅವಳು ತಲೆ ಎತ್ತಲಿಲ್ಲ. “ನಾನೇ.”

“ಬೈಬಲ್ಲಿನ ಪತ್ರದಲ್ಲಿ ಅಪೊಸ್ತಲ ‘ನಿದ್ರೆಹೋದವರು’ ಅಂತ ಬರೆದಿದ್ದಾನೆ. ನೀವು ಹೊಡೆದುಹಾಕಿ ‘ಸತ್ತವರು’ ಮಾಡಿದ್ದೀರಿ!”

“ನಿದ್ದೆ ಹೋದೋರು ಎದ್ದು ಬರ್ತಾರೆ ಮೇಷ್ಟ್ರೇ. ಸತ್ತೋರು ಬರಲ್ಲ.”

“ಎದ್ದು ಬರ್ತಾರೆ ಅಂತಲೇ ಅವನು ಆ ಪದ ಹಾಕಿದ್ದು!”

ಒಳಗಿನಿಂದ ಯಜಮಾನರು ನಕ್ಕರು. “ಅವರ ತಂಟೆಗೆ ಹೋಗ್ಬೇಡಿ ಸಾರ್. ಅಕ್ಷರಕ್ಕೆ ಕೊಂಬು ಬಿಟ್ಟುಹೋದ್ರೆ ಮೂಲೆಯಲ್ಲಿ ಕೂತೇ ಹಿಡೀತಾರೆ. ಅದಕ್ಕೇ ನಾವೆಲ್ಲ ‘ಕೊಂಬು’ ಅಂತ ಕರೆಯೋದು.”

“ಒಂದಲ್ಲ, ಎರಡು ಬಂದಿರೋ ಹಾಗಿದೆ!” ಎಂದ ಮೇಷ್ಟ್ರು.

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಪೆನ್ನನ್ನು ಅವನ ಮುಂದೆ ತಳ್ಳಿದಳು. “ಹೊಡೆದ ಪದ ಉಳಿಸಬೇಕಾದ್ರೆ ಅದರ ಕೆಳಗೆ ಚುಕ್ಕಿ ಇಟ್ಟು, ಅಂಚಿನಲ್ಲಿ ‘ಇರಲಿ’ ಅಂತ ಬರೀತಾರೆ. ನೀವೇ ಬರ್ಕೊಳ್ಳಿ. ನನ್ನ ಕೈಲಿ ಆಗಲ್ಲ.”

ಆಗ ಅವನು ಅವಳ ಕಣ್ಣು ನೋಡಿದ. ಪೆನ್ನು ಮುಟ್ಟದೆ ಹಾಳೆಯನ್ನು ಮಡಚಿಕೊಂಡು ಹೋದ.

*

ಅವನು ಪಾದ್ರಿಗಳಾಗುವವರಿಗೆ ಪಾಠ ಹೇಳುವ ಮೇಷ್ಟ್ರು. ಕ್ರಿಸ್ತನ ಸಂದೇಶ ಸಾರುತ್ತಿದ್ದ ಅಪೊಸ್ತಲ, ಬಂದರು ಪಟ್ಟಣವೊಂದರ ಪುಟ್ಟ ಕ್ರೈಸ್ತ ಸಭೆಗೆ ಬರೆದ ಪತ್ರದ ಉದ್ದೇಶವೇನು ಎಂದು ಸಣ್ಣ ಪುಸ್ತಕ ಬರೆಯುತ್ತಿದ್ದ.

ಅವಳು ವಿಧವೆ. ಅತ್ತೆಯ ಜೊತೆಗಿದ್ದಳು.

ಗಂಡ ಹೋದ ದಿನ ಬೆಳಿಗ್ಗೆ, ಅವನ ಅಲಾರಾಂ ಬಡಿದುಕೊಂಡಾಗ ಅವಳೇ ಹೋಗಿ ಅದುಮಿದ್ದಳು. “ರೇಡಿಯೋ ಸಣ್ಣಗೆ ಮಾಡಿ ಅತ್ತೆ, ಮಲಗಿರಲಿ ಪಾಪ” ಎಂದಿದ್ದಳು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಿದ್ದಳು.

ಜೀವ ನಸುಕಿಗೆ ಮೊದಲೇ ಹೋಗಿತ್ತೆಂದು ವೈದ್ಯರು ಹೇಳಿದರು. ಆ ಅಲಾರಾಂ ಯಾರನ್ನೂ ಎಬ್ಬಿಸುತ್ತಿರಲಿಲ್ಲ. ಬುದ್ಧಿಗೆ ಅದು ಅರ್ಥವಾಗಿತ್ತು. ಆದರೂ ಗಡಿಯಾರದ ಸೆಲ್ ತೆಗೆದಿಟ್ಟ ಮೇಲೂ ಪ್ರತಿ ಬೆಳಿಗ್ಗೆ ಆ ಮುಚ್ಚಿದ ಬಾಗಿಲ ಹಿಂದಿನಿಂದ ಅದು ಬಡಿದುಕೊಳ್ಳುತ್ತಿತ್ತು... ಅವಳಿಗೆ ಮಾತ್ರ.

*

ಮೇಷ್ಟ್ರು ಮತ್ತೆ ಬಂದ. ಮುಂದಿನ ಕರಡಿಗೆ ಇನ್ನೊಮ್ಮೆ. ಜಗಳ ಅಭ್ಯಾಸವಾಯಿತು.

“ಪತ್ರ ಅಂದ್ರೆ ಪಕ್ಕದಲ್ಲಿ ಯಾರೋ ಫೋನಲ್ಲಿ ಮಾತಾಡೋದನ್ನ ಕೇಳಿಸ್ಕೊಂಡ ಹಾಗೆ,” ಎಂದ ಒಂದು ದಿನ. “ಈ ಕಡೆ ಮಾತು ಮಾತ್ರ ಕೇಳುತ್ತೆ. ಆ ಕಡೆ ಏನು ಕೇಳಿದ್ರು ಅಂತ ನಾವೇ ಊಹಿಸ್ಬೇಕು.”

“ನೀವು ಊಹಿಸಿದ್ದೇನು?”

“ಲೋಕದ ಕೊನೆ ಯಾವಾಗ ಅಂತ ಕೇಳಿರ್ತಾರೆ. ಅದನ್ನ ವಿವರಿಸೋಕೇ ಬರೆದಿದ್ದು.”

ಅವಳು ಹಾಳೆಯ ಮೇಲೆ ಬೆರಳಾಡಿಸಿದಳು. “ಕ್ರಿಸ್ತ ಮತ್ತೆ ಬಂದು ಕರ್ಕೊಂಡು ಹೋಗ್ತಾನೆ ಅಂತ ಕಾಯ್ತಾ ಇದ್ರು. ಅಷ್ಟರಲ್ಲಿ ಮನೆಯವರೇ ಹೋಗ್ಬಿಟ್ರು... ಅಂಥವರು ‘ಯಾವಾಗ’ ಅಂತ ಕೇಳಲ್ಲ ಮೇಷ್ಟ್ರೇ. ‘ನಾವು ಮುಂದೆ ಹೋದ್ರೆ ನಮ್ಮೋರು ಹಿಂದೆ ಉಳಿದುಬಿಡ್ತಾರಾ?’ ಅಂತ ಕೇಳ್ತಾರೆ.”

“ಇದಕ್ಕೆ ಆಧಾರ?”

“ಇಲ್ಲ. ನನಗೆ ಹಾಗನ್ನಿಸ್ತು ಅಷ್ಟೆ.”

ಅವನು ಪುಟ ತಿರುವಿ ಒಂದೆಡೆ ಬೆರಳಿಟ್ಟ. “ಆಧಾರ ಇದೆ,” ಎಂದ ಮೆಲ್ಲಗೆ. “ಆ ಭಾಗದ ಕೊನೆಗೆ, ಒಬ್ಬರಿಗೊಬ್ಬರು ಸಮಾಧಾನ ಹೇಳಿ ಅಂತಾನೆ ಅಪೊಸ್ತಲ. ವೇಳಾಪಟ್ಟಿ ಕೊಡೋನು ಹಾಗೆ ಹೇಳ್ತಾನಾ? ಅವನ ಉತ್ತರವೂ ಅದೇ... ಮೊದಲು ಎದ್ದೇಳೋದು ಸತ್ತವರು. ನಾವು ಆಮೇಲೆ. ಎಲ್ಲರೂ ಜೊತೆಗೆ.”

ಅಂದು ಮೊದಲ ಸಲ ಹೊರಗಿನವನೊಬ್ಬನಿಗೆ ಆ ಅಲಾರಾಂ ವಿಷಯ ಹೇಳಿದಳು. ಅವನು ಸಮಾಧಾನ ಹೇಳಲಿಲ್ಲ. “ಯಾವ ಥರ ಸದ್ದು?” ಎಂದು ಮಾತ್ರ ಕೇಳಿದ.

ಆ ಪ್ರಶ್ನೆಗೇ ಅವಳು ಅವನಿಗೆ ಮನಸೋತಳು!

ಸೋತದ್ದು ಗೊತ್ತಾದ ಮರುಬೆಳಿಗ್ಗೆ ಅಲಾರಾಂ ಇನ್ನೂ ಜೋರಾಗಿ ಬಡಿದುಕೊಂಡಿತು. *ನನ್ನನ್ನು ಬಿಟ್ಟು ಹೋಗ್ತೀಯಾ?* ಎಂದಂತೆ...

*

ಮುದ್ರಣಾಲಯದ ಮೆಟ್ಟಿಲ ತಿರುವಿನಲ್ಲಿ ಅವನ ದನಿ ಕೇಳಿ ನಿಂತಳು. ಅವನು ಫೋನಿನಲ್ಲಿದ್ದ; ಮುದ್ರಣಯಂತ್ರದ ಸದ್ದಿನ ನಡುವೆ ಮಾತು ತುಂಡುತುಂಡಾಗಿ ಕೇಳುತ್ತಿತ್ತು.

“ಪಾಪ ಅಂತಾನಾ?... ಅಯ್ಯೋ, ಮದುವೆ ಮಾತೆಲ್ಲ ಬೇಡ... ಗಂಡನನ್ನ ಇನ್ನೂ ಮರೆತಿಲ್ಲ ಅವರು... ಇಲ್ಲ, ಇದು ಅವರ ಕಿವಿಗೆ ಬೀಳೋದು ಬೇಡ.”

ಮುಂದಿನದನ್ನು ಕೇಳಿಸಿಕೊಳ್ಳದೆ ಅವಳು ಬಂದ ಮೆಟ್ಟಿಲುಗಳನ್ನೇ ಇಳಿದುಬಿಟ್ಟಳು.

*ಪಾಪ... ಅಷ್ಟೇನಾ? ನಾನು ಅವನಿಗೆ ಬರೀ ಪಾಪವಾ?*

ಮರುದಿನದಿಂದ ಅವನ ಕರಡುಗಳನ್ನು ಯಜಮಾನರ ಮೇಜಿನ ಮೇಲಿಟ್ಟು, ಅವನು ಬರುವ ಮೊದಲೇ ಹೊರಟುಬಿಡುತ್ತಿದ್ದಳು.

ಅತ್ತೆ ವಾರವಿಡೀ ನೋಡಿದರು. ಕೊನೆಗೆ ಸೊಪ್ಪು ಬಿಡಿಸುತ್ತ ಕೇಳಿಯೇಬಿಟ್ಟರು. “ಏನೇ, ಮುಖ ಊದಿಸ್ಕೊಂಡು ಓಡಾಡ್ತಿದ್ದೀಯ? ಮೇಷ್ಟ್ರು ಏನಂದ?”

“ನನಗೇನೂ ಅನ್ನಲಿಲ್ಲ. ಯಾರ ಹತ್ರಾನೋ ಅಂದ. ಪಾಪ ಅಂತೆ... ಮದುವೆ ಬೇಡವಂತೆ...”

ಅತ್ತೆಯ ಕೈ ನಿಂತಿತು. “ಅಯ್ಯೋ ನನ್ನ ಕರ್ಮವೇ! ಆ ಕಡೆ ಇದ್ದೋಳು ನಾನು ಕಣೇ!”

“ನೀವಾ?!”

“ಯಜಮಾನರ ಹತ್ರ ನಂಬರ್ ಇಸ್ಕೊಂಡೆ. ‘ನನ್ನ ಸೊಸೇನ ಕಂಡು ಪಾಪ ಅಂತ ಮಾತಾಡಿಸ್ತಿದ್ದೀಯೇನಪ್ಪ?’ ಅಂದೆ. ‘ಪಾಪ ಅಂತಾನಾ? ನನ್ನ ಪುಸ್ತಕಾನೇ ತಿರುಗಿಸಿ ಹಾಕಿದೋರು, ಅವರನ್ನ ಕಂಡ್ರೆ ಭಯ ನನಗೆ’ ಅಂದ. ಹಾಗಾದ್ರೆ ನಾನೇ ಮದುವೆ ಮಾತು ಎತ್ತಲಾ ಅಂದ್ರೆ, ಬೇಡ, ಗಂಡನ್ನ ಇನ್ನೂ ಮರೆತಿಲ್ಲ ಅಂದ. ‘ಮರೀಲಿ ಅಂತಾನೂ ನಾನು ಕೇಳಲ್ಲಮ್ಮ, ಕಾಯ್ತೀನಿ’ ಅಂದ. ಈ ಕಡೆಯಿಂದ ನಾನು ಅಳ್ತಾ ಇದ್ದೆ. ಅದು ನಿನಗೆ ಕೇಳಿಸ್ಲಿಲ್ಲವಲ್ಲ!”

ಒಂದು ಕಡೆಯ ಮಾತು, ಅದೂ ತುಂಡುತುಂಡು... ಜಗತ್ತಿನ ತಪ್ಪುಗಳನ್ನೆಲ್ಲ ಹಿಡಿಯುವವಳು ಇದನ್ನು ಬಿಟ್ಟಿದ್ದಳು!

“ಅತ್ತೆ... ಅವರು ನಿಮ್ಮ ಮಗ. ನಿಮಗೆ ನೋವಾಗಲ್ವಾ?”

“ಆಗುತ್ತೆ.” ಅತ್ತೆ ಕಣ್ಣೊರೆಸಿಕೊಂಡರು. “ಆದ್ರೆ ಮನೇಲಿ ಇಬ್ಬರೂ ಆ ಬಾಗಿಲು ಕಾಯ್ತಾ ಕೂತ್ರೆ ಅವನಿಗೆ ನೆಮ್ಮದಿ ಆಗುತ್ತಾ? ಹೋಗೇ ಮಗಳೇ.”

*

ಅವಳು ಹೋದಾಗ ಅವನ ಪಾಠ ಮುಗಿದಿತ್ತು. ಖಾಲಿ ಬೆಂಚುಗಳ ನಡುವೆ ಅವನೊಬ್ಬನೇ ಕೂತಿದ್ದ. ಮುಂದೆ, ಅಂದು ಮಡಚಿಕೊಂಡು ಹೋಗಿದ್ದ ಅದೇ ಹಾಳೆ ಬಿಡಿಸಿಟ್ಟಿತ್ತು. ‘ನಿದ್ರೆಹೋದವರು’ ಎಂಬುದರ ಮೇಲೆ ಅವಳ ಕೆಂಪು ಗೆರೆ ಹಾಗೇ ಇತ್ತು.

“ಇನ್ನೂ ‘ಇರಲಿ’ ಬರೀಲಿಲ್ವಾ?”

ಅವನು ಬೆಚ್ಚಿ ಎದ್ದ. “ಅದು ನಿಮ್ಮ ಗೆರೆ. ನಾನು ಹೇಗೆ ಅಳಿಸ್ಲಿ?”

“ಅತ್ತೆ ಎಲ್ಲಾ ಹೇಳಿದ್ರು.”

ಅವನ ಕಿವಿ ಕೆಂಪಾಯಿತು. ಅವಳು ಎದುರು ಬೆಂಚಿನಲ್ಲಿ ಕೂತಳು.

“ಒಂದು ಪ್ರಶ್ನೆ... ನಾನು ನಿಮ್ಮ ಜೊತೆ ಬಂದ್ರೆ, ಅವರು ಹಿಂದೆ ಉಳಿದುಬಿಡ್ತಾರಾ?”

“ಉಳಿಯಲ್ಲ. ಮೊದಲು ಅವರು. ನಾನು ಆಮೇಲೆ.”

ಅವಳು ಪೆನ್ನು ತೆಗೆದಳು. ಹೊಡೆದ ಪದದ ಕೆಳಗೆ ಒಂದೊಂದೇ ಚುಕ್ಕಿ ಇಟ್ಟಳು. ‘ಮಲಗಿರಲಿ’ ಎಂದ ಆ ಬೆಳಗಿನ ತನ್ನ ದನಿ ಕೇಳಿಸಿತು. ಆದರೂ ಅಂಚಿನಲ್ಲಿ ಬರೆದಳು: ಇರಲಿ.

“ಇದು ಪದಕ್ಕಾ...” ಅವನ ದನಿ ತಗ್ಗಿತು, “ಇಲ್ಲ, ನನಗಾ?”

“ಇಬ್ಬರಿಗೂ.” ಅವಳು ಅಳುತ್ತಲೇ ನಕ್ಕಳು. “ಆದ್ರೆ ಆ ಅಲಾರಾಂ ನನಗೆ ಇನ್ನೂ ಕೇಳ್ಸುತ್ತೆ. ನಾಳೆನೂ ಕೇಳ್ಸಬಹುದು...”

“ಕೇಳ್ಸಲಿ ಬಿಡಿ, ಕೊಂಬು. ಇಬ್ಬರೂ ಎದ್ದು ಕೂತ್ಕೊಳ್ಳೋಣ.”