ನಾಲ್ಕು ಮೂಲೆಯ ಕುರ್ಚಿಗಳು

ಆ ಮಂಗಳವಾರ ಬೆಳಿಗ್ಗೆ ಊರಿನ ಐಸ್ ರಿಂಕಿನ ನಾಲ್ಕೂ ಮೂಲೆಯಲ್ಲಿ ಒಂದೊಂದು ಕುರ್ಚಿ ಕಂಡದ್ದೇ ನನಗೆ ಮೈ ಉರಿಯಿತು.

ಕಬ್ಬಿಣದ ಮಡಚುವ ಕುರ್ಚಿಗಳು. ಹಿಂದಿನ ದಿನ ಇರಲಿಲ್ಲ. ಚಳಿಗಾಲ ಮುಗಿಯುವತನಕ ನಮ್ಮೂರಿನ ಐವತ್ತು ದಾಟಿದವರೆಲ್ಲ ಬೆಳಿಗ್ಗೆ ಎಂಟಕ್ಕೆ ಇಲ್ಲಿ ನಡೆಯಲು ಬರುತ್ತೇವೆ. ಹೊರಗೆ ರಸ್ತೆ ಹಿಮಗಟ್ಟಿ ಗಾಜಿನ ಹಾಗಿರುತ್ತದೆ, ಬಿದ್ದರೆ ಸೊಂಟ ಹೋಯಿತು. ಒಳಗೆ ಹುಡುಗರ ಹಾಕಿ ಆಟದ ಐಸು, ಅದರ ಸುತ್ತ ಗಾಜಿನ ಗೋಡೆ, ಗೋಡೆಯ ಸುತ್ತ ರಬ್ಬರು ಹಾಸಿದ ದಾರಿ. ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತುತ್ತಾರೆ. ಅವರಲ್ಲಿ ಹತ್ತನೇ ನಿಮಿಷಕ್ಕೆ ಮುಖ ಬಿಳಿಚಿಕೊಂಡು ಹೆಂಗಸರ ಟಾಯ್ಲೆಟ್ಟಿಗೆ ಓಡುವವಳು ನಾನೊಬ್ಬಳೇ. ಅಂದಮೇಲೆ ಕುರ್ಚಿ ಯಾರಿಗೆ?

ನಾಲ್ಕನ್ನೂ ಎಳೆದು ತಂದು ಐಸ್ ಗಾಡಿ ಹೊರಬರುವ ಗೇಟಿನ ಮುಂದೆ ದಡಾರನೆ ಹಾಕಿದೆ. ರಿಂಕಿನ ಉಸ್ತುವಾರಿಯ ಲಾಕಿ ಗಾಡಿಯ ಮೇಲೆ ಕೂತು, ಗೀರು ಬಿದ್ದ ಐಸು ಮತ್ತೆ ನುಣುಪಾಗಲಿ ಅಂತ ನೀರು ಹಾಸುತ್ತಿದ್ದ. ಶಾಲೆಯಲ್ಲಿ ನನಗಿಂತ ಎರಡು ಕ್ಲಾಸು ಮೇಲಿದ್ದವನು. ಹೆಂಡತಿ ತೀರಿಕೊಂಡು ಆರು ವರ್ಷ ಆಗಿತ್ತು.

"ಇಳಿಯೋ ಕೆಳಗೆ!" ಅಂದೆ. "ಯಾರನ್ನ ಕೂರಿಸೋಕೆ ಇಟ್ಟಿದೀಯ ಇವನ್ನ?"

ಅವನು ಇಳಿಯಲಿಲ್ಲ. ಸುತ್ತು ಮುಗಿಸಿ, ಗಾಡಿಯನ್ನು ಗೇಟಿನ ಹತ್ತಿರ ತಂದು, ಕೈಗವಸು ಬಿಚ್ಚಿ, ಆಮೇಲೆ ನನ್ನನ್ನು ನೋಡಿದ.

"ಬೇಕಾದಷ್ಟು ಬಯ್ಯಿ, ಮರ್ಡೀನಾ. ಕುರ್ಚೀನ ಐಸ್ ಮೇಲೆ ಮಾತ್ರ ಎಸೀಬೇಡ. ಗೀರು ಬೀಳುತ್ತೆ."

"ನಿನ್ನ ಐಸು ನೆಗೆದು ಬೀಳ್ಲಿ!"

ಅವನ ಕಣ್ಣಂಚಿನಲ್ಲಿ ನಗು ಬಂದು, ನನ್ನ ಮುಖ ನೋಡಿ, ಅಲ್ಲೇ ನಿಂತಿತು. ಬೂದು ಬಣ್ಣದ ಕಣ್ಣು. ಇಷ್ಟು ವರ್ಷ ಒಂದೇ ಊರಿನಲ್ಲಿದ್ದು ಅವನ ಕಣ್ಣಿನ ಬಣ್ಣ ನನಗೆ ಗೊತ್ತಿರಲಿಲ್ಲ. ಅದು ಗೊತ್ತಾದದ್ದಕ್ಕೂ ಸಿಟ್ಟು ಬಂತು.

*

ಕುರ್ಚಿ ಅಂದರೆ ನನಗೆ ನನ್ನ ಅಮ್ಮ.

ನನಗೆ ಬಂದಿರುವ ಕಾಲಿನ ಕಾಯಿಲೆಯೇ ಅಮ್ಮನಿಗೂ ಬಂದಿತ್ತು. ಕಾಲಿನ ರಕ್ತನಾಳ ಕಟ್ಟಿಕೊಂಡು, ಹೆಬ್ಬೆರಳು ಕಪ್ಪಾಗಿ, ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸಿದರು. ಆಸ್ಪತ್ರೆಯಿಂದ ಬಂದವಳು ಅಡುಗೆಮನೆಯ ಕಿಟಕಿಯ ಹತ್ತಿರ ಒಂದು ಕುರ್ಚಿಯಲ್ಲಿ ಕೂತಳು. ಹನ್ನೊಂದು ವರ್ಷ ಅಲ್ಲೇ ಕೂತಳು. ಸತ್ತದ್ದೂ ಅಲ್ಲೇ.

ಅಮ್ಮನ ಹಾಗೇ ನನಗೂ ಹದಿನಾರರಿಂದ ಸಿಗರೇಟು. ಏಡಿ ಬಿಡಿಸಿ ಡಬ್ಬಿಗೆ ತುಂಬುವ ಕಾರ್ಖಾನೆಯ ಹಿಂಬಾಗಿಲಲ್ಲಿ, ವಿರಾಮ ಸಿಕ್ಕಾಗಲೆಲ್ಲ ಒಂದು. ಕಳೆದ ಶರತ್ಕಾಲದಲ್ಲಿ ಬೆಟ್ಟ ಹತ್ತುವಾಗ ಮೀನಖಂಡ ಹಿಂಡಿದ ಹಾಗಾಯಿತು. ಡಾಕ್ಟರು ನೋಡಿ, ಸಿಗರೇಟು ಬಿಡಿಸಿ, ನರ್ಸ್ ಪ್ರಿಸಿಲ್ಲಾ ಹತ್ತಿರ ಕಳಿಸಿದರು. ಅವಳು ನನ್ನನ್ನು ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಸಿದಳು. ನಾಲ್ಕು ನಿಮಿಷಕ್ಕೆ ನೋವು.

"ಇದಕ್ಕೆ ಔಷಧಿ ಅಂದ್ರೆ ನಡಿಗೇನೇ," ಅಂದಳು. "ನೋವು ಜೋರಾಗೋ ತನಕ ನಡೀರಿ. ನಿಲ್ಲಿ. ನೋವು ಹೋದ ಮೇಲೆ ಮತ್ತೆ ನಡೀರಿ. ಹಾಗೇ ಅರ್ಧ ಗಂಟೆ. ರಕ್ತ ಬೇರೆ ದಾರಿ ಹುಡುಕ್ಕೊಳ್ಳುತ್ತೆ."

ನಾನು "ನಡೀರಿ" ಅನ್ನುವುದನ್ನು ಇಟ್ಟುಕೊಂಡೆ, "ನಿಲ್ಲಿ" ಅನ್ನುವುದನ್ನು ಬಿಟ್ಟೆ.

ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಸಾಲಿನಲ್ಲಿ ನಿಂತವಳು ನಾನು. ಎದುರಿಗೆ ಬೆಲ್ಟು ಓಡುತ್ತದೆ, ಏಡಿ ಬರುತ್ತಲೇ ಇರುತ್ತದೆ. ಒಬ್ಬಳು ಪಕ್ಕಕ್ಕೆ ಸರಿದರೆ ಅವಳ ಪಾಲಿನದ್ದು ಪಕ್ಕದವಳ ಮೇಲೆ ಬೀಳುತ್ತದೆ. ಬಸುರಿಯರು ಸಹ ಬಕೆಟ್ಟಿಗೆ ವಾಂತಿ ಮಾಡಿ, ಬಾಯಿ ಒರೆಸಿ ಮತ್ತೆ ನಿಲ್ಲುತ್ತಿದ್ದರು. ನೋವಾಯಿತು ಅಂತ ಕೂತವಳ ಹೆಸರನ್ನು ನಮ್ಮೂರಿನಲ್ಲಿ ಇವತ್ತಿಗೂ ಹೇಳಿ ನಗುತ್ತಾರೆ.

ಅದಕ್ಕೇ ನಾನು ನಿಲ್ಲುತ್ತಿರಲಿಲ್ಲ. ನಾಲ್ಕನೇ ನಿಮಿಷಕ್ಕೆ ಮೀನಖಂಡಕ್ಕೆ ಯಾರೋ ತಂತಿ ಕಟ್ಟಿ ಎಳೆಯುತ್ತಾರೆ. ಏಳಕ್ಕೆ ಬೆವರು ತಣ್ಣಗಾಗುತ್ತದೆ. ಒಂಬತ್ತಕ್ಕೆ ಬಾಯಲ್ಲಿ ಉಪ್ಪು ನೀರು, ಹೊಟ್ಟೆ ತಿರುಚಿ ಗಂಟಲಿಗೆ ಬರುತ್ತದೆ. ಹತ್ತಕ್ಕೆ ಓಟ. ಖಾಲಿ ಹೊಟ್ಟೆಯಲ್ಲಿ ಬರೀ ಕಪ್ಪು ಟೀ, ಅದೇ ಹೊರಗೆ. ಆಮೇಲೆ ದಿನವಿಡೀ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ.

"ವಾಂತಿಗೀಂತಿ ಆಗುತ್ತಾ?" ಅಂತ ಪ್ರಿಸಿಲ್ಲಾ ಕೇಳಿದ್ದಳು.

"ಇಲ್ಲ," ಅಂದಿದ್ದೆ. ಹೇಳಿದರೆ ನಡಿಗೆ ನಿಲ್ಲಿಸಿ ಕತ್ತಿ ಹಿಡಿಯುತ್ತಾರೆ ಅಂತ ಭಯ. ಏಪ್ರಿಲ್ ಪರೀಕ್ಷೆಯಲ್ಲೂ ನಾಲ್ಕೇ ನಿಮಿಷಕ್ಕೆ ನೋವು ಬಂದರೆ ಹ್ಯಾಲಿಫ್ಯಾಕ್ಸಿನ ದೊಡ್ಡಾಸ್ಪತ್ರೆಯ ಸರ್ಜನ್ ಕಡೆ ಕಳಿಸುತ್ತೇನೆ ಅಂತ ಅವಳು ಮೊದಲೇ ಹೇಳಿದ್ದಳು. ಅಮ್ಮನ ಕಾಲು ಹೋದದ್ದೂ ಹ್ಯಾಲಿಫ್ಯಾಕ್ಸಿನಲ್ಲೇ.

*

ಬುಧವಾರ ಕುರ್ಚಿಗಳು ಮತ್ತೆ ಮೂಲೆಗೆ ಬಂದಿದ್ದವು. ಮೊದಲನೆಯದರ ಮೇಲೆ ಒಂದು ಓಟ್ಸ್ ಬಿಸ್ಕತ್ತು, ಮುಚ್ಚಳ ತೆಗೆದ ಒಂದು ಜಿಂಜರ್ ಏಲ್ ಬಾಟಲಿ, ಅಂದರೆ ಶುಂಠಿ ಸೋಡಾ.

ನನ್ನ ಜೊತೆ ನಡೆಯುತ್ತಿದ್ದ ಎಫ್ಫಿ ಅಜ್ಜಿಗೆ ಎಂಬತ್ತೊಂದು. ನಾಲಿಗೆಗೆ ಹದಿನೆಂಟು.

"ಗ್ಯಾಸು ಹೋಗಲಿ ಅಂತ ನಿನ್ನೆ ಸಂಜೇನೇ ಮುಚ್ಚಳ ತೆಗೆದಿಟ್ಟಿದಾನೆ," ಅಂದಳು ಬಾಟಲಿ ಅಲ್ಲಾಡಿಸಿ. "ಹೊಟ್ಟೆ ತೊಳಸಿದ್ರೆ ಇದೇ ಒಳ್ಳೇದು. ನನ್ನ ಗಂಡ ನಲವತ್ತು ವರ್ಷದಲ್ಲಿ ನನಗೆ ಒಂದು ಲೋಟ ನೀರು ಕೊಟ್ಟಿಲ್ಲ ಕಣೇ."

"ನೀನೇ ಕುಡಿ ಹಾಗಾದ್ರೆ."

"ನನಗೆ ಇಟ್ಟಿದ್ರೆ ಕುಡೀತಿದ್ದೆ ಮಗಳೇ. ಮದುವೇನೂ ಆಗ್ತಿದ್ದೆ."

ನಾನು ಮುಟ್ಟಲಿಲ್ಲ. ನನ್ನ ಗಂಡ ಆಲ್ಬರ್ಟಾಕ್ಕೆ ಕೆಲಸಕ್ಕೆ ಹೋಗಿ ಅಲ್ಲೇ ಇನ್ನೊಬ್ಬಳ ಮನೆಯಲ್ಲಿ ಉಳಿದುಕೊಂಡವನು. ಯಾರ ಬಿಸ್ಕತ್ತೂ ನನಗೆ ಬೇಕಾಗಿರಲಿಲ್ಲ.

ಗುರುವಾರ ಹೆಂಗಸರ ಟಾಯ್ಲೆಟ್ಟು ತಲುಪಲು ಆಗಲಿಲ್ಲ.

ಮೂರನೇ ಮೂಲೆಯಲ್ಲಿ ಕಣ್ಣು ಕತ್ತಲೆ ಬಂತು. ಅಲ್ಲಿದ್ದ ಮರಳಿನ ಬಕೆಟ್ಟು ಹಿಡಿದು ಬಗ್ಗಿದೆ. ಎರಡು ಸಲ, ಮೂರು ಸಲ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಬರುತ್ತಲೇ ಇತ್ತು. ಆಮೇಲೆ ಗಾಡಿಯ ಸದ್ದು ನಿಂತಿತು.

ಅದು ನಿಲ್ಲಬಾರದು. ಊರಿನ ಪುಟ್ಟ ಮಕ್ಕಳಿಗೂ ಗೊತ್ತು: ಬಿಸಿನೀರು ಹಾಸುತ್ತಿರುವ ಗಾಡಿಯನ್ನು ಅರ್ಧದಲ್ಲಿ ನಿಲ್ಲಿಸಿದರೆ ಆ ಜಾಗದಲ್ಲಿ ಐಸು ಕರಗಿ ಗುಂಡಿ ಬೀಳುತ್ತದೆ. ಲಾಕಿ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ನಿಲ್ಲಿಸಿದವನಲ್ಲ. ರಿಂಕಿನಲ್ಲಿ ಕರೆಂಟು ಹೋದ ದಿನವೂ ಕತ್ತಲಲ್ಲೇ ಸುತ್ತು ಮುಗಿಸಿ ಹೊರಬಂದವನು.

ಅವನು ಗಾಡಿಯಿಂದ ಹಾರಿ, ಒದ್ದೆ ಐಸಿನ ಮೇಲೆ ಜಾರುತ್ತ ಬಂದ. ಗೇಟು ದಾಟಿ ನನ್ನ ಪಕ್ಕ ಮಂಡಿಯೂರಿದ. ಐಸು ತುಂಬಿ ತಣ್ಣಗಾದ ಕರವಸ್ತ್ರವನ್ನು ನನ್ನ ಕುತ್ತಿಗೆಯ ಹಿಂದೆ ಇಟ್ಟ.

"ನಿನ್ನ ಐಸು..." ಅಂದೆ.

"ಹಾಳಾಗಿ ಹೋಗ್ಲಿ. ಎದೆ ನೋಯ್ತಿದೆಯಾ? ಕೈಗೆ ಬರ್ತಿದೆಯಾ?"

"ಇಲ್ಲ. ಕಾಲು, ಹೊಟ್ಟೆ, ಅಷ್ಟೇ."

"ಕೂತ್ಕೋ."

"ಕೂರಲ್ಲ."

"ಯಾಕೆ ಮಾರಾಯ್ತಿ? ಯಾರ ಮೇಲೆ ನಿನ್ನ ಹಟ?"

ಹೇಳಬಾರದು ಅಂದುಕೊಂಡಿದ್ದೆ. ಬಕೆಟ್ಟು ಹಿಡಿದುಕೊಂಡವಳಿಗೆ ಎಂಥ ಮರ್ಯಾದೆ! ಕಿಟಕಿ, ಅಮ್ಮ, ಹನ್ನೊಂದು ವರ್ಷ, ಎಲ್ಲ ಹೇಳಿದೆ. ಪ್ರಿಸಿಲ್ಲಾಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ. "ಒಂದು ಸಲ ಕೂತ್ರೆ ನಾನು ಏಳಲ್ಲ ಲಾಕಿ. ನನಗೆ ಗೊತ್ತು."

ಅವನು ತಿರುಗಿ ಐಸಿನ ಕಡೆ ನೋಡಿದ. ಗಾಜಿನ ಆಚೆ ಗಾಡಿಯ ಕೆಳಗೆ ನೀರು ಮಡುಗಟ್ಟುತ್ತಿತ್ತು.

"ನಾನು ನೀರು ಹಾಸಿ ಹೊರಗೆ ಬಂದ ಮೇಲೆ ಗೇಟು ಹಾಕ್ತೀನಿ," ಅಂದ. "ಹುಡುಗ್ರು ಗೇಟು ಬಡೀತಾರೆ, ಬಯ್ತಾರೆ. ಹತ್ತು ನಿಮಿಷ ಬಿಡಲ್ಲ. ಆ ಹತ್ತು ನಿಮಿಷ ನೋಡಿದ್ರೆ ಅಲ್ಲಿ ಏನೂ ನಡೀತಿಲ್ಲ ಅನ್ಸುತ್ತೆ. ಆದ್ರೆ ಐಸು ಆಗೋದು ಆವಾಗ್ಲೇ. ಬೇಗ ಬಿಟ್ಟೆ ಅಂದ್ಕೋ, ಪೂರ್ತಿ ಗೆರೆ ಬಿದ್ದು ಹಾಳು."

"ನನ್ನ ಕಾಲೇನು ಐಸಾ?"

"ತಣ್ಣಗಂತೂ ಹಂಗೇ ಇದೆ." ನನ್ನ ಶೂಸಿಗಿಂತ ಮೇಲೆ ಪಾದದ ಗಂಟು ಹಿಡಿದಿದ್ದ. ಹಿಡಿದದ್ದು ಇಬ್ಬರಿಗೂ ಆಗ ಗೊತ್ತಾಯಿತು. ಅವನು ಕೈ ತೆಗೆಯಲಿಲ್ಲ. ನಾನು ಒದೆಯಲಿಲ್ಲ.

ಆಮೇಲೆ ನಾನು ಕೂತೆ. ಕಬ್ಬಿಣ ಜಿಲ್ಲೆಂದಿತು. ಕಣ್ಣು ಮುಚ್ಚಿಕೊಂಡು ಲೆಕ್ಕ ಹಾಕಿದೆ. ಮೂರು ನಿಮಿಷಕ್ಕೆ ತಂತಿ ಸಡಿಲವಾಯಿತು. ಐದಕ್ಕೆ ನೋವು ಎಲ್ಲಿತ್ತು ಅಂತ ಹುಡುಕಬೇಕಾಯಿತು.

"ಈಗ ಏಳು," ಅಂದ.

ಎದ್ದೆ.

ಆ ಗುಂಡಿ ಸರಿಮಾಡಲು ಅವನಿಗೆ ಎರಡು ದಿನ ಹಿಡಿಯಿತು. ಶನಿವಾರದ ಆಟ ಮುಂದಕ್ಕೆ ಹೋಯಿತು. ಯಾಕೆ ಗಾಡಿ ನಿಲ್ಲಿಸಿದೆ ಅಂತ ಊರೇ ಕೇಳಿತು. ಅವನು ಯಾರಿಗೂ ಹೇಳಲಿಲ್ಲ. ಎಫ್ಫಿ ಎಲ್ಲರಿಗೂ ಹೇಳಿದಳು.

*

ಪ್ರಿಸಿಲ್ಲಾಗೆ ನಿಜ ಹೇಳಿದಾಗ ಅವಳು ನನ್ನನ್ನು ಬಯ್ದ ಹಾಗೆ ಕಾರ್ಖಾನೆಯ ಮೇಸ್ತ್ರಿಯೂ ಬಯ್ದಿರಲಿಲ್ಲ.

"ವಾಂತಿ ಆಗ್ತಿದ್ರೆ ಮೊದಲು ನನಗೆ ಹೇಳ್ಬೇಕು! ಹೃದಯದ್ದೇ ಇದ್ದಿದ್ರೆ?" ಅವತ್ತೇ ಎದೆಗೆ ವೈರು ಅಂಟಿಸಿ ನೋಡಿಸಿದಳು. ಹೃದಯ ಸರಿ ಇತ್ತು. "ಹತ್ತು ನಿಮಿಷ ನಡೆದು ದಿನವಿಡೀ ಮಲಗಿದ್ರೆ ಅದು ನಡಿಗೆ ಅಲ್ಲ. ನಿಲ್ಲೋದೂ ಮದ್ದೇ. ಒಂದು ಗಂಟೆ ಮುಂಚೆ ಸ್ವಲ್ಪ ತಿನ್ನಿ. ಶುರುವಿನಲ್ಲಿ ನಿಧಾನ. ಬಾಯಲ್ಲಿ ನೀರೂರೋಕೆ ಮುಂಚೆ ಕೂತ್ಕೊಳ್ಳಿ, ಬಂದ ಮೇಲಲ್ಲ."

ಹಾಗೇ ಮಾಡಿದೆ. ಮನೆಯಲ್ಲಿ ಒಂದು ಓಟ್ಸ್ ಬಿಸ್ಕತ್ತು, ರಿಂಕಿಗೆ ಬಂದು ಎರಡು ಗುಟುಕು ಗ್ಯಾಸು ಹೋದ ಜಿಂಜರ್ ಏಲ್. ನೋವು ಬಂದಾಗ ಮೂಲೆಯ ಕುರ್ಚಿ. ಮೊದಮೊದಲು ಕೂರುವಾಗಲೆಲ್ಲ ಅಮ್ಮನ ಕಿಟಕಿ ಕಾಣುತ್ತಿತ್ತು. ಬೆನ್ನಿಗೆ ಬೆವರು. ಆಗ ಗಾಜಿನ ಆಚೆ ಗಾಡಿ ಮೂಲೆಗೆ ಬರುತ್ತಿತ್ತು.

ಅವನು ಕೈ ಬೀಸುತ್ತಿರಲಿಲ್ಲ. ಟೋಪಿಯನ್ನು ಒಂದು ಬೆರಳಿನಿಂದ ಮೇಲೆತ್ತುತ್ತಿದ್ದ. ಹಣೆಯ ಮೇಲೆ ಟೋಪಿಯ ಕೆಂಪು ಗೆರೆ. ಗಾಜಿನ ಮೇಲೆ ಚಳಿಯ ಉಸಿರು. ಒಂದು ಕ್ಷಣ ಬೂದು ಕಣ್ಣು, ಆಮೇಲೆ ಬೆನ್ನು. ಮುಂದಿನ ಮೂಲೆಗೆ ಹೋಗಿ ಕೂರಲು ನನಗೆ ಅವಸರ ಶುರುವಾಯಿತು. ನೋವಿಲ್ಲದಿದ್ದರೂ ಒಂದೆರಡು ಸಲ ಕೂತೆ. ಇದನ್ನು ಪ್ರಿಸಿಲ್ಲಾಗೆ ಹೇಳಿಲ್ಲ.

*

ಏಪ್ರಿಲ್ ಎಂಟರ ಪರೀಕ್ಷೆಯಲ್ಲಿ ನೋವು ಬಂದದ್ದು ಒಂಬತ್ತನೇ ನಿಮಿಷಕ್ಕೆ.

"ಕಾಲು ನಿಮ್ಮದೇ," ಅಂದಳು ಪ್ರಿಸಿಲ್ಲಾ. "ಸದ್ಯಕ್ಕೆ. ನಡಿಗೆ ಬಿಟ್ರೆ ಗ್ಯಾರಂಟಿ ಇಲ್ಲ. ನೋವು ಪೂರ್ತಿ ಹೋಗುತ್ತೆ ಅಂತಾನೂ ನಾನು ಹೇಳಲ್ಲ."

ನೇರ ರಿಂಕಿಗೆ ಹೋದೆ. ಚಳಿಗಾಲ ಮುಗಿದು ಅಲ್ಲಿ ಐಸು ತೆಗೆಯುವ ದಿನ. ತಂಪು ಮಾಡುವ ಯಂತ್ರಗಳು ನಿಂತಿದ್ದವು. ಐಸು ಬೂದಿ ಬಣ್ಣಕ್ಕೆ ತಿರುಗಿ, ನಡುವೆ ಸಿಮೆಂಟು ಕಾಣುತ್ತಿತ್ತು. ಲಾಕಿ ಗಾಜಿನ ಈಚೆ ನಿಂತಿದ್ದ. ಗಾಡಿಯಿಲ್ಲದೆ ಅವನ ಎತ್ತರ ಕಮ್ಮಿ ಅನ್ನಿಸಿತು.

"ಒಂಬತ್ತು," ಅಂದೆ.

ಅವನು ಟೋಪಿ ತೆಗೆದ. ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡಿದ.

ಇಬ್ಬರೂ ನಡೆದೆವು. ಒಂಬತ್ತನೇ ನಿಮಿಷಕ್ಕೆ ಮೂರನೇ ಮೂಲೆ ಬಂತು, ಅದೇ ಮರಳಿನ ಬಕೆಟ್ಟಿನ ಮೂಲೆ. ಮೀನಖಂಡ ಬಿಗಿಯಿತು.

"ಲಾಕಿ, ಕುರ್ಚಿ ಮೂಲೇಲೇ ಯಾಕೆ ಇಟ್ಟೆ? ಉದ್ದದ ಕಡೆ ಹೀಟರ್ ಇತ್ತಲ್ಲ. ಬೆಚ್ಚಗಿರ್ತಿತ್ತು."

"ಮೂಲೇಲಿ ಗಾಡಿ ನಿಧಾನ ಮಾಡ್ಲೇಬೇಕು."

"ಅದಕ್ಕೆ?"

"ಉದ್ದಕ್ಕೆ ಹೋಗುವಾಗ ನಾನು ಐಸು ನೋಡ್ಬೇಕು. ಮೂಲೇಲಾದ್ರೆ ತಲೆ ಎತ್ತಬಹುದು." ಕಿವಿಯವರೆಗೂ ಕೆಂಪಾದ. "ನಿನಗೆ ಅಂತ ಇಟ್ಟಿದ್ದು ಅರ್ಧ. ಇನ್ನರ್ಧ ನನಗೇ. ನೀನು ದಿನಾ ಬೆನ್ನು ತೋರಿಸ್ಕೊಂಡು ಓಡ್ತಿದ್ದೆ ಮರ್ಡೀನಾ. ಒಂದು ನಿಮಿಷ ನಿಂತ್ರೆ ಮುಖ ನೋಡಬಹುದಿತ್ತು."

ಬಯ್ಯಬೇಕು ಅಂತ ಬಾಯಿ ತೆರೆದೆ. ಒಂದು ಬೈಗುಳವೂ ಸಿಗಲಿಲ್ಲ. ಐವತ್ತಮೂರು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಗೋಡೆಗೆ ಒರಗಿಸಿದ್ದ ಇನ್ನೊಂದು ಕುರ್ಚಿ ಬಿಡಿಸಿ ನನ್ನದರ ಪಕ್ಕಕ್ಕೆ ಎಳೆದೆ. ಕೂತೆ.

"ಕೂತ್ಕೋ," ಅಂದೆ.

"ನನಗೆ ಕಾಲು ನೋವಿಲ್ವಲ್ಲ."

"ನೋವಿದೆಯಾ ಅಂತ ಕೇಳಿದ್ನಾ? ಕೂತ್ಕೋ ಅಂದೆ."

ಕೂತ. ಗಾಜಿನ ಆಚೆ ಚಳಿಗಾಲ ಪೂರ್ತಿ ಅವನು ಕಟ್ಟಿದ ಐಸು ಸಣ್ಣಗೆ ಸದ್ದು ಮಾಡುತ್ತ ಮೋರಿಗೆ ಹರಿಯುತ್ತಿತ್ತು. ಅವನ ಕೈ ನನ್ನ ಕೈಯ ಮೇಲೆ ಬಂತು, ಏಡಿ ಚಿಪ್ಪು ಗೀರಿದ ಬೆರಳುಗಳ ಮೇಲೆ. ನಾನು ನಿಮಿಷ ಲೆಕ್ಕ ಹಾಕಿದೆ. ಮೂರು. ನಾಲ್ಕು. ಐದಕ್ಕೆ ನೋವು ಹೋಯಿತು.

ಹೋಯಿತು ಅಂತ ಅವನಿಗೆ ಹೇಳಲಿಲ್ಲ.